ಹುಡುಗ ಒಬ್ಬನೋ, ಆರು ಮಂದಿಯೋ? ಇಂಗ್ಲಿಷಿನ ನಾಳೆಯ ಮಾತಿನಲ್ಲಿ ಬಹುವಚನ

ಮುಂಬಯಿಯ ಮಾಟುಂಗಾದಲ್ಲಿ ಮದುವೆ, ಗೃಹಪ್ರವೇಶಗಳ ಊಟ ಒಪ್ಪಿಕೊಳ್ಳುವ ಕೇಟರಿಂಗ್‌ನವರ ಬಳಿ ಲೆಕ್ಕ ಬರೆಯುವ ಯುವಕನೊಬ್ಬ ನಾನು ನಡೆಸುವ ಸಂಜೆಯ ಇಂಗ್ಲಿಷ್ ತರಗತಿಗೆ ಬರುತ್ತಾನೆ. ಮುಲುಂಡಿನ ಒಂದು ಗೃಹಪ್ರವೇಶದ ಹಿಂದಿನ ರಾತ್ರಿ ಅವನು ಮನೆಯವರಿಗೆ ವಾಟ್ಸಾಪಿನಲ್ಲಿ ಇಷ್ಟು ಬರೆದು ಕಳುಹಿಸಿದ್ದ: ‘ಅವರ್ ಬಾಯ್ ವಿಲ್ ಕಮ್ ಟುಮಾರೋ ಮಾರ್ನಿಂಗ್ ವಿತ್ ವೆಸಲ್.’ ಬೆಳಿಗ್ಗೆ ಐದೂವರೆಗೆ ಟೆಂಪೊದಿಂದ ಇಳಿದವರು ಆರು ಮಂದಿ, ಇಳಿಸಬೇಕಾಗಿದ್ದ ಪಾತ್ರೆ ಹನ್ನೊಂದು. ಮನೆಯವರು ಗೇಟಿನಲ್ಲಿ ಹೇಳಿಟ್ಟದ್ದು ಒಬ್ಬ ಹುಡುಗನ ಲೆಕ್ಕ. ವಾಚ್‌ಮನ್ ಒಬ್ಬನನ್ನು ಮಾತ್ರ ಒಳಗೆ ಬಿಟ್ಟು ಉಳಿದವರನ್ನು ತಡೆದ. ಮನೆಯವರು ಎದ್ದು ಫೋನ್ ಎತ್ತುವವರೆಗೆ ಮುಕ್ಕಾಲು ಗಂಟೆ ಸಾಂಬಾರಿನ ಹಂಡೆ ರಸ್ತೆಯಲ್ಲಿಯೇ ಕಾಯಿತು.

ಆ ವಾಕ್ಯದಲ್ಲಿ ಏನು ತಪ್ಪಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕನ್ನಡದಲ್ಲಿ ‘ಹುಡುಗ ಬರುತ್ತಾನೆ’, ‘ಹುಡುಗರು ಬರುತ್ತಾರೆ’ ಎನ್ನುವಾಗ ಬಹುವಚನದ ಗುರುತು ಎರಡು ಕಡೆ ಬೀಳುತ್ತದೆ. ನಾಮಪದದ ‘ರು’ ಕಿವಿಗೆ ತಪ್ಪಿದರೂ ಕ್ರಿಯಾಪದ ಅದನ್ನು ಮತ್ತೆ ಹೇಳುತ್ತದೆ. ನಾವು ಮುಂಬಯಿಯಲ್ಲಿ ದಿನವಿಡೀ ಕೇಳುವ ಮರಾಠಿಯಲ್ಲಿ ಒಬ್ಬನಿಗೆ ‘ಯೇಈಲ್’, ಹಲವರಿಗೆ ‘ಯೇತೀಲ್’. ಹಿಂದಿಯಲ್ಲಿ ‘ಆಯೇಗಾ’, ‘ಆಯೇಂಗೆ’. ಹೀಗೆ ಮೂರು ಭಾಷೆಗಳಲ್ಲಿಯೂ ನಾಳೆಯ ಮಾತಿನ ಎಣಿಕೆಯನ್ನು ಕ್ರಿಯಾಪದ ಹೊರುತ್ತದೆ. ಇಂಗ್ಲಿಷ್ ಕೂಡ ವರ್ತಮಾನದಲ್ಲಿ ‘ದ ಬಾಯ್ ಕಮ್ಸ್’, ‘ದ ಬಾಯ್ಸ್ ಕಮ್’ ಎಂದು ಅಲ್ಪಸ್ವಲ್ಪ ಭೇದ ತೋರಿಸುತ್ತದೆ. ಆದರೆ ‘ವಿಲ್’ ಬಂದ ಕೂಡಲೇ ಆ ಭೇದ ಅಳಿಸಿಹೋಗುತ್ತದೆ: ‘ದ ಬಾಯ್ ವಿಲ್ ಕಮ್’, ‘ದ ಬಾಯ್ಸ್ ವಿಲ್ ಕಮ್’. ಬರುವವನು ಒಬ್ಬನೋ ಹಲವರೋ ಎಂದು ತಿಳಿಸುವ ಹೊಣೆಯೆಲ್ಲ ನಾಮಪದದ ಬಾಲದಲ್ಲಿರುವ ಒಂದೇ ಒಂದು ‘ಎಸ್’ ಅಕ್ಷರದ ಮೇಲೆ ಬೀಳುತ್ತದೆ. ನಮ್ಮ ನಾಲಿಗೆ ನುಂಗಿಬಿಡುವುದೂ ಅದನ್ನೇ.

ಆದ್ದರಿಂದ ಬಹುವಚನ, ಭವಿಷ್ಯತ್ಕಾಲ, ಪ್ರೆಪೊಸಿಷನ್ (ನಾಮಪದಕ್ಕಿಂತ ಮೊದಲು ಬರುವ ‘ವಿತ್’, ‘ಆನ್’ನಂಥ ಸಣ್ಣ ಪದ) ಎಂಬ ಮೂರನ್ನೂ ಬೇರೆ ಬೇರೆ ಪಾಠಗಳಾಗಿ ಕಲಿತವರಿಗಿಂತ ಒಂದೇ ವಾಕ್ಯದಲ್ಲಿ ಕೂಡಿಸಿ ಅಭ್ಯಾಸ ಮಾಡಿದವರು ಬೇಗ ದಡ ಸೇರುವುದನ್ನು ನಾನು ಕಂಡಿದ್ದೇನೆ. ಇಲ್ಲಿಯ ಉದಾಹರಣೆಗಳನ್ನೆಲ್ಲ ಕನ್ನಡ ಅಕ್ಷರಗಳಲ್ಲಿಯೇ ಕೊಟ್ಟಿದ್ದೇನೆ. ಓದುಗರು ಅವನ್ನು ಕಣ್ಣಿನಲ್ಲಿ ಓದಿ ಬಿಡದೆ ಬಾಯಿಬಿಟ್ಟು ಹೇಳಬೇಕು.

ಮೊದಲನೆಯ ಹೆಜ್ಜೆ: ಎಣಿಸಿದರೆ ‘ಎಸ್’ ಹಚ್ಚುವುದು

ಕನ್ನಡದಲ್ಲಿ ಮನುಷ್ಯರನ್ನು ಎಣಿಸಿದರೆ ಬಹುವಚನ ಬರಲೇಬೇಕು: ಇಬ್ಬರು ಹುಡುಗರು, ಮೂವರು ಹೆಂಗಸರು. ವಸ್ತುಗಳಿಗೆ ಆ ಕಟ್ಟುನಿಟ್ಟಿಲ್ಲ. ಎರಡು ಇಡ್ಲಿ, ಹತ್ತು ರೂಪಾಯಿ, ಮೂರು ದಿನ ಎಂದರೆ ಸಾಕು, ‘ಎರಡು ಇಡ್ಲಿಗಳು’ ಎಂದು ಹೋಟೆಲಿನಲ್ಲಿ ಕೇಳಿದರೆ ಮಾಣಿ ನಮ್ಮ ಮುಖ ನೋಡಿಯಾನು. ಎರಡು ಎಂಬ ಸಂಖ್ಯೆ ಇದ್ದ ಮೇಲೆ ಮತ್ತೆ ‘ಗಳು’ ಏಕೆ ಎಂಬುದು ಕನ್ನಡದ ತರ್ಕ. ‘ದೋ ಪ್ಲೇಟ್ ಇಡ್ಲಿ’ ಎನ್ನುವ ಮುಂಬಯಿಯ ಹಿಂದಿಯೂ ಅದೇ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ಇಂಗ್ಲಿಷ್ ಈ ತರ್ಕವನ್ನು ಒಪ್ಪುವುದಿಲ್ಲ. ‘ಟು ಇಡ್ಲೀಸ್’, ‘ಟೆನ್ ರುಪೀಸ್’, ‘ತ್ರೀ ಡೇಸ್’ ಎಂದೇ ಹೇಳಬೇಕು. ಒಂದಕ್ಕಿಂತ ಹೆಚ್ಚಿನ ಸಂಖ್ಯೆ ಬಾಯಿಗೆ ಬಂದಾಗಲೆಲ್ಲ ಮುಂದಿನ ನಾಮಪದದ ಕೊನೆಯಲ್ಲಿ ‘ಎಸ್’ ಕೇಳಿಸಬೇಕು ಎಂಬುದನ್ನು ಒಂದು ವಾರ ಬೇರೇನನ್ನೂ ಕಲಿಯದೆ ಅಭ್ಯಾಸ ಮಾಡಿದರೂ ನಷ್ಟವಿಲ್ಲ.

ಕೇಳಿಸುವುದು ಎಂದೆನಲ್ಲ, ಅಲ್ಲಿಯೇ ತೊಡಕು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದ ಕೊನೆಯಲ್ಲಿ ಎರಡು ಮೂರು ವ್ಯಂಜನಗಳು ಒಟ್ಟಿಗೆ ಬಂದರೆ ನಾವು ಒಂದೋ ‘ಉ’ ಸೇರಿಸಿ ‘ಪ್ಲೇಟ್ಸು’ ಎನ್ನುತ್ತೇವೆ, ಇಲ್ಲವೇ ಕೊನೆಯದನ್ನು ಬಿಟ್ಟುಬಿಡುತ್ತೇವೆ. ಹೋಟೆಲ್ ಕೆಲಸದವರಿಗೆ ದಿನಕ್ಕೆ ಹತ್ತು ಸಲ ಬೇಕಾಗುವ ‘ಗೆಸ್ಟ್ಸ್’ ಎಂಬ ಪದದಲ್ಲಿ ‘ಸ್’, ‘ಟ್’, ‘ಸ್’ ಮೂರೂ ಒತ್ತೊತ್ತಾಗಿ ನಿಂತಿವೆ. ‘ದ ಗೆಸ್ಟ್ಸ್ ವಿಲ್ ಕಮ್’ ಎನ್ನುವಾಗ ಹಿಂದೆಯೇ ‘ವಿ’ ಬರುವುದರಿಂದ ಆ ಕೊನೆಯ ‘ಸ್’ ಜಾರಿ ಒಬ್ಬರೇ ಅತಿಥಿ ಉಳಿಯುತ್ತಾರೆ. ‘ಗೆಸ್ಟ್’ ಎಂದು ಹೇಳಿ ಅರೆಕ್ಷಣ ನಿಂತು, ಹಾವು ಬುಸುಗುಟ್ಟಿದಂತೆ ‘ಸ್ಸ್’ ಎಂದು ಎಳೆದು, ಅನಂತರ ‘ವಿಲ್’ ಹೇಳುವುದನ್ನು ಮೊದಲು ನಿಧಾನವಾಗಿಯೂ ಆಮೇಲೆ ವೇಗವಾಗಿಯೂ ಮಾಡಬೇಕು. ‘ಗ್ಲಾಸ್’, ‘ಬಾಕ್ಸ್’, ‘ಡಿಶ್’ ಮುಂತಾದ ಪದಗಳಿಗೆ ಒಂದು ಉಚ್ಚಾರಾಂಶವೇ ಹೆಚ್ಚಾಗಿ ‘ಗ್ಲಾಸಸ್’, ‘ಬಾಕ್ಸಸ್’, ‘ಡಿಶಸ್’ ಎಂದಾಗುವುದರಿಂದ ಅವು ನಮ್ಮ ನಾಲಿಗೆಗೆ ಸುಲಭ.

‘ಎಸ್’ ಹಚ್ಚದೆ ಒಳಗೇ ಬದಲಾಗುವ ಪದಗಳು ಕೆಲವಿವೆ: ಚೈಲ್ಡ್ ಹೋಗಿ ಚಿಲ್ಡ್ರನ್, ಮ್ಯಾನ್ ಹೋಗಿ ಮೆನ್, ವುಮನ್ ಹೋಗಿ ವಿಮೆನ್, ಫುಟ್ ಹೋಗಿ ಫೀಟ್. ಇವನ್ನು ಬಾಯಿಪಾಠ ಮಾಡುವುದೇ ದಾರಿ. ‘ಚಿಲ್ಡ್ರನ್ಸ್ ವಿಲ್ ಕಮ್’ ಎಂಬುದು, ‘ಪೇರೆಂಟ್ಸ್‌ಗಳು ಬಂದಿದ್ದಾರೆ’ ಎಂಬ ನಮ್ಮ ಕನ್ನಡದಂತೆಯೇ, ಬಹುವಚನಕ್ಕೆ ಇನ್ನೊಂದು ಬಹುವಚನ ಹಚ್ಚಿದ ಹಾಗೆ.

ಎಣಿಕೆ ಬಂದರೂ ‘ಎಸ್’ ಬೇಡದ ಜಾಗಗಳು ಎರಡಿವೆ. ಸಂಖ್ಯೆ ಮತ್ತು ನಾಮಪದ ಒಟ್ಟಾಗಿ ಮುಂದಿನ ಪದಕ್ಕೆ ವಿಶೇಷಣವಾದಾಗ ಏಕವಚನವೇ ಸರಿ: ‘ಟೆನ್ ರುಪೀಸ್’ ಸರಿ, ಆದರೆ ‘ಎ ಟೆನ್-ರುಪೀ ನೋಟ್’; ‘ಫೈವ್ ಮಿನಿಟ್ಸ್’ ಸರಿ, ಆದರೆ ಸ್ಟೇಷನ್ನಿನಿಂದ ‘ಎ ಫೈವ್-ಮಿನಿಟ್ ವಾಕ್’. ಹಾಗೆಯೇ ‘ಫೈವ್ ಹಂಡ್ರೆಡ್ ಪ್ಲೇಟ್ಸ್’ ಎನ್ನುವಾಗ ‘ಹಂಡ್ರೆಡ್’ಗೆ ಏನೂ ಹತ್ತುವುದಿಲ್ಲ, ಲೆಕ್ಕವಿಲ್ಲದೆ ನೂರಾರು ಎನ್ನುವಾಗ ಮಾತ್ರ ‘ಹಂಡ್ರೆಡ್ಸ್ ಆಫ್ ಪ್ಲೇಟ್ಸ್’.

ಎರಡನೆಯ ಹೆಜ್ಜೆ: ಎಣಿಸಲಾಗದ್ದನ್ನು ಬಿಡುವುದು

ಲಗೇಜ್, ಫರ್ನಿಚರ್, ಇನ್‌ಫರ್ಮೇಶನ್, ಅಡ್ವೈಸ್, ಇಕ್ವಿಪ್‌ಮೆಂಟ್ ಎಂಬ ಪದಗಳಿಗೆ ‘ಎಸ್’ ಹತ್ತುವುದಿಲ್ಲ, ಟ್ಯಾಕ್ಸಿಯ ಮೇಲೆ ಆರು ಪೆಟ್ಟಿಗೆಗಳಿದ್ದರೂ ಅದು ‘ಲಗೇಜ್’ ಮಾತ್ರ. ಎಣಿಸಲೇಬೇಕಾದರೆ ‘ಸಿಕ್ಸ್ ಪೀಸಸ್ ಆಫ್ ಲಗೇಜ್’ ಅಥವಾ ನೇರವಾಗಿ ‘ಸಿಕ್ಸ್ ಬ್ಯಾಗ್ಸ್’ ಎನ್ನಬೇಕು. ಸಾಂಬಾರು, ಚಟ್ನಿ, ಅನ್ನಗಳೂ ಹೀಗೆಯೇ. ಅವುಗಳನ್ನು ಹೊತ್ತ ಪಾತ್ರೆ ಬಹುವಚನಕ್ಕೆ ಬರುತ್ತದೆಯೇ ಹೊರತು ಅವು ಬರುವುದಿಲ್ಲ: ‘ಟು ಬೌಲ್ಸ್ ಆಫ್ ಸಾಂಬಾರ್’. ಕಾಫಿಯೂ ಪಾನೀಯವಾಗಿ ಎಣಿಕೆಗೆ ಸಿಗದು. ಆದರೆ ಆರ್ಡರ್ ಕೊಡುವಾಗ ‘ಟು ಕಾಫೀಸ್’ ಎಂದರೆ ಎರಡು ಲೋಟ ಎಂದು ಅರ್ಥವಾಗುತ್ತದೆ, ತಪ್ಪೇನಿಲ್ಲ.

ಮೂರನೆಯ ಹೆಜ್ಜೆ: ಗೌರವದ ಬಹುವಚನವನ್ನು ಮನೆಯಲ್ಲಿಯೇ ಇಟ್ಟು ಬರುವುದು

ಇದನ್ನು ಮಾರ್ಗದರ್ಶಿ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ‘ತಂದೆಯವರು ನಾಳೆ ಬರುತ್ತಾರೆ’, ‘ಮಠದ ಸ್ವಾಮಿಗಳು ಭಾನುವಾರ ಬರುತ್ತಾರೆ’ ಎಂಬಲ್ಲಿ ಬರುವವರು ಒಬ್ಬರೇ. ‘ಗಳು’, ‘ರು’, ‘ಆರೆ’ ಎಲ್ಲವೂ ಮರ್ಯಾದೆಗಾಗಿ. ಸಭ್ಯರಾಗಿ ಬೆಳೆದ ನಮ್ಮ ಹುಡುಗರಿಗೆ ತಂದೆಯನ್ನು ‘ಹೀ’ ಎಂದು ಕರೆಯಲು ಬಾಯಿ ಬರುವುದಿಲ್ಲ. ‘ಮೈ ಫಾದರ್ ಈಸ್ ಇನ್ ಉಡುಪಿ, ದೇ ವಿಲ್ ಕಮ್ ಆನ್ ಫ್ರೈಡೇ’ ಎಂದು ಹೇಳಿ ಕೇಳುವವರನ್ನು ಗಲಿಬಿಲಿಗೊಳಿಸುತ್ತಾರೆ. ಇಂಗ್ಲಿಷಿನಲ್ಲಿ ‘ದೇ’ ಎಂದರೆ ಇನ್ನೂ ಯಾರೋ ಜೊತೆಗೆ ಬರುತ್ತಿದ್ದಾರೆ ಎಂದೇ ಕೇಳುವವರು ತಿಳಿಯುವ ಸಂಭವ ಹೆಚ್ಚು. ‘ಹೀ ವಿಲ್ ಕಮ್’ ಎನ್ನುವುದರಲ್ಲಿ ತಂದೆಗೆ ಯಾವ ಅಗೌರವವೂ ಇಲ್ಲ. ಅಲ್ಲಿ ಗೌರವವನ್ನು ಸರ್, ಮೇಡಮ್, ಪ್ಲೀಸ್ ಎಂಬ ಮಾತುಗಳೂ ದನಿಯೂ ತೋರಿಸುತ್ತವೆ.

ನಾಲ್ಕನೆಯ ಹೆಜ್ಜೆ: ಯಾವ ‘ಬರುತ್ತಾರೆ’ ಎಂದು ಕೇಳಿಕೊಳ್ಳುವುದು

‘ದಿನಾಲೂ ಬರುತ್ತಾರೆ’, ‘ನಾಳೆ ಬರುತ್ತಾರೆ’ ಎಂಬ ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪ ಸಾಕು. ‘ಬರುವರು’ ಎಂಬ ಭವಿಷ್ಯದ ರೂಪ ಈಗ ಬರವಣಿಗೆಯಲ್ಲಿ ಉಳಿದಿರುವಷ್ಟು ಮಾತಿನಲ್ಲಿ ಉಳಿದಿಲ್ಲ. ಆದ್ದರಿಂದ ಇಂಗ್ಲಿಷಿಗೆ ಹೋಗುವ ಮೊದಲು ಮನಸ್ಸಿನಲ್ಲಿರುವ ‘ಬರುತ್ತಾರೆ’ ಯಾವುದು ಎಂದು ಒಮ್ಮೆ ಕೇಳಿಕೊಳ್ಳಬೇಕು. ನಿತ್ಯದ ಮಾತಾದರೆ ‘ದೇ ಕಮ್’. ಮಾತು ಕೊಡುವುದು, ಆಗಷ್ಟೇ ತೀರ್ಮಾನಿಸಿದ್ದು ಅಥವಾ ನಂಬಿಕೆಯಿಂದ ಮುಂದಿನದನ್ನು ಹೇಳುವುದಾದರೆ ‘ದೇ ವಿಲ್ ಕಮ್’. ಕನ್ನಡದಲ್ಲಿ ‘ಬರಲಿದ್ದಾರೆ’, ‘ಬರುವವರಿದ್ದಾರೆ’ ಎಂದು ಹೇಳಬಹುದಾದ ಕಡೆಯಲ್ಲಿ, ಅಂದರೆ ಮೊದಲೇ ನಿಶ್ಚಯವಾದ ಸಂಗತಿಯಲ್ಲಿ, ‘ದೇ ಆರ್ ಕಮಿಂಗ್’ ಅಥವಾ ‘ದೇ ಆರ್ ಗೋಯಿಂಗ್ ಟು ಕಮ್’ ಒಪ್ಪುತ್ತದೆ. ‘ಬಂದಾರು’ ಎಂಬ ಸಂಶಯದ ರೂಪಕ್ಕೆ ‘ದೇ ಮೇ ಕಮ್’.

ಕಣ್ಣೆದುರಿನ ಸೂಚನೆಯಿಂದ ಮುಂದಿನದನ್ನು ಹೇಳುವುದಕ್ಕೂ ‘ಗೋಯಿಂಗ್ ಟು’ ಬರುತ್ತದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಕುರ್ಲಾ ಬಳಿ ಹಳಿಗಳ ಮೇಲೆ ನೀರು ಏರುತ್ತಿರುವುದನ್ನು ಕಂಡವರು ‘ದ ಟ್ರೇನ್ಸ್ ಆರ್ ಗೋಯಿಂಗ್ ಟು ಬಿ ಲೇಟ್’ ಎನ್ನುವುದು ಸಹಜ. ಇನ್ನು ವೇಳಾಪಟ್ಟಿಯಲ್ಲಿ ಅಚ್ಚಾದ ಸಂಗತಿಗೆ ಸಾದಾ ವರ್ತಮಾನವೇ ಸಾಕು: ‘ದ ಮತ್ಸ್ಯಗಂಧಾ ಲೀವ್ಸ್ ಫ್ರಮ್ ಕುರ್ಲಾ ಟರ್ಮಿನಸ್ ಇನ್ ದಿ ಆಫ್ಟರ್‌ನೂನ್.’ ಮತ್ಸ್ಯಗಂಧಾ ರೈಲಿನಲ್ಲಿ ಹೋಗುವುದು ನಾಳೆಯಾದರೂ ಹೀಗೆ ಹೇಳಬಹುದು.

ಬಹುವಚನಕ್ಕೆ ಇಲ್ಲಿ ಏನು ಸಂಬಂಧವೆಂದರೆ, ಇವುಗಳಲ್ಲಿ ‘ವಿಲ್’, ‘ಮೇ’ ಎರಡೇ ಮೂಕ. ‘ಗೋಯಿಂಗ್ ಟು’ ಬಳಸಿದರೆ ‘ದ ಕುಕ್ ಈಸ್’, ‘ದ ಕುಕ್ಸ್ ಆರ್’ ಎಂದು ಕ್ರಿಯಾಪದ ಮತ್ತೆ ಎಣಿಕೆ ಹೇಳುತ್ತದೆ. ವೇಳಾಪಟ್ಟಿಯ ವರ್ತಮಾನದಲ್ಲಿ ‘ದ ಬಸ್ ಲೀವ್ಸ್’, ‘ದ ಬಸಸ್ ಲೀವ್’ ಎಂದು ಬದಲಾಗುತ್ತದೆ. ‘ಎಸ್’ ನುಂಗುವ ಅಭ್ಯಾಸ ಹೋಗಿಲ್ಲದವರಿಗೆ ಫೋನಿನಲ್ಲಿ ಮಾತಾಡುವಾಗ ‘ದ ಬಾಯ್ಸ್ ಆರ್ ಕಮಿಂಗ್ ಅಟ್ ಫೈವ್’ ಎನ್ನಿರಿ ಎಂದು ನಾನು ಹೇಳುವುದುಂಟು. ಇದು ಸ್ವಲ್ಪ ಉಪಾಯದ ಮಾತು, ವ್ಯಾಕರಣದ ನಿಯಮವಲ್ಲ; ಆದರೆ ‘ಆರ್’ ಎಂಬುದು ಕೇಳುವವರ ಕಿವಿಗೆ ಬಿದ್ದರೆ ಸಾಕು, ಒಬ್ಬನಲ್ಲ ಎಂದು ತಿಳಿಯುತ್ತದೆ.

‘ವಿಲ್’ ಆದ ಮೇಲೆ ಬರುವ ಕ್ರಿಯಾಪದಕ್ಕೆ ಏನನ್ನೂ ಹಚ್ಚಬಾರದು. ‘ದ ಟ್ರೇನ್ ವಿಲ್ ಕಮ್ಸ್’ ಎಂಬುದು ತಪ್ಪು. ‘ನಾನು ಬಿಲ್ ತರಲೇ?’ ಎಂದು ಅನುಮತಿ ಕೇಳುವಾಗ ‘ವಿಲ್ ಐ’ ಎನ್ನದೆ ‘ಶಾಲ್ ಐ ಬ್ರಿಂಗ್ ದ ಬಿಲ್?’ ಎನ್ನುವುದು ಒಳ್ಳೆಯದು.

ಐದನೆಯ ಹೆಜ್ಜೆ: ವಿಭಕ್ತಿಯನ್ನು ಹಿಂದಿನಿಂದ ಮುಂದಕ್ಕೆ ತರುವುದು

‘ಮೇಜುಗಳ ಮೇಲೆ’ ಎಂಬಲ್ಲಿ ಮೊದಲು ವಸ್ತು, ಆಮೇಲೆ ‘ಗಳು’, ಕಡೆಗೆ ಸ್ಥಾನ. ಇಂಗ್ಲಿಷಿನಲ್ಲಿ ಇದು ತಲೆಕೆಳಗಾಗಿ ‘ಆನ್ ದ ಟೇಬಲ್ಸ್’ ಆಗುತ್ತದೆ; ಸ್ಥಾನ ಎಲ್ಲಕ್ಕಿಂತ ಮುಂದೆ, ಬಹುವಚನದ ಗುರುತು ಎಲ್ಲಕ್ಕಿಂತ ಹಿಂದೆ. ಕನ್ನಡದಲ್ಲಿ ‘ಗಳ’ ಹೇಳದೆ ‘ಮೇಲೆ’ ತಲುಪಲಾಗದಾದರೆ, ಇಂಗ್ಲಿಷಿನಲ್ಲಿ ‘ಆನ್’ ಹೇಳುವುದರೊಳಗೆ ಮನಸ್ಸಿನ ಕೆಲಸ ಮುಗಿದಂತಾಗಿ ‘ಎಸ್’ ಮರೆತುಹೋಗುತ್ತದೆ. ಇದಕ್ಕೆ ಪರಿಹಾರ, ಪ್ರೆಪೊಸಿಷನ್ನಿನೊಡನೆ ಇಡೀ ಗುಂಪನ್ನು ಒಂದೇ ಪದದಂತೆ ಕಲಿಯುವುದು: ಆನ್-ದ-ಟೇಬಲ್ಸ್, ಫಾರ್-ದ-ಗೆಸ್ಟ್ಸ್, ವಿತ್-ದ-ವೆಸಲ್ಸ್.

‘ಒನ್ ಆಫ್’ ಎಂಬುದಾದ ಮೇಲೆ ಯಾವಾಗಲೂ ಬಹುವಚನ ಬರುತ್ತದೆ. ‘ಒನ್ ಆಫ್ ಮೈ ಫ್ರೆಂಡ್ ವಿಲ್ ಕಮ್’ ಎನ್ನುವವರು ‘ನನ್ನ ಗೆಳೆಯರಲ್ಲಿ ಒಬ್ಬ’ ಎಂದು ಕನ್ನಡದಲ್ಲಿ ತಾವೇ ಬಹುವಚನ ಬಳಸುವುದನ್ನು ನೆನಪಿಸಿಕೊಳ್ಳಬೇಕು: ‘ಒನ್ ಆಫ್ ಮೈ ಫ್ರೆಂಡ್ಸ್ ವಿಲ್ ಕಮ್.’ ಎರಡರ ನಡುವೆ ಎನ್ನುವ ‘ಬಿಟ್ವೀನ್’ ಪದಕ್ಕೆ ‘ಆ್ಯಂಡ್’ ಜೊತೆ. ‘ಬಿಟ್ವೀನ್ ದಾದರ್ ಟು ಠಾಣೆ’ ಎಂಬುದನ್ನು ಮುಂಬಯಿಯಲ್ಲಿ ದಿನವೂ ಕೇಳುತ್ತೇವಾದರೂ, ‘ಬಿಟ್ವೀನ್ ದಾದರ್ ಆ್ಯಂಡ್ ಠಾಣೆ’ ಅಥವಾ ‘ಫ್ರಮ್ ದಾದರ್ ಟು ಠಾಣೆ’ ಎಂಬ ಎರಡೇ ಸರಿ.

ಪ್ರೆಪೊಸಿಷನ್ ಆದ ಮೇಲೆ ನಾಮಪದವೂ ಅದಾದ ಮೇಲೆ ಎರಡು ಸಂಖ್ಯೆಗಳೂ ಬಂದರೆ ಆ ನಾಮಪದ ಬಹುವಚನವಾಗುವುದನ್ನೂ ಗಮನಿಸಬೇಕು. ದಾದರಿನಲ್ಲಿ 2023ರ ಡಿಸೆಂಬರಿನಿಂದ ಪಶ್ಚಿಮ ರೈಲ್ವೆಯ ಪ್ಲಾಟ್‌ಫಾರ್ಮ್‌ಗಳಿಗೆ 1ರಿಂದ 7, ಮಧ್ಯ ರೈಲ್ವೆಯವಕ್ಕೆ 8ರಿಂದ 14 ಎಂದು ಒಂದೇ ಸಾಲಿನ ಸಂಖ್ಯೆಗಳಿವೆ. ಊರಿನಿಂದ ಬಂದ ನೆಂಟರಿಗೆ ದಾರಿ ಹೇಳುವಾಗ ‘ಯು ವಿಲ್ ಫೈಂಡ್ ದ ವೆಸ್ಟರ್ನ್ ಲೈನ್ ಟ್ರೇನ್ಸ್ ಆನ್ ಪ್ಲಾಟ್‌ಫಾರ್ಮ್ಸ್ ಒನ್ ಟು ಸೆವೆನ್’ ಎಂದು ‘ಪ್ಲಾಟ್‌ಫಾರ್ಮ್ಸ್’ ಬಳಸಬೇಕು. ಆದರೆ ಪ್ರಯಾಣದ ಬಗೆಯನ್ನು ಹೇಳುವ ‘ಬೈ ಟ್ರೇನ್’, ‘ಬೈ ಬಸ್’ ಎಂಬಲ್ಲಿ ನೂರು ಜನ ಹತ್ತು ಬಸ್ಸುಗಳಲ್ಲಿ ಬಂದರೂ ‘ಎಸ್’ ಇಲ್ಲ.

ಆರನೆಯ ಹೆಜ್ಜೆ: ಹೊತ್ತು ಹೇಳುವ ಸಣ್ಣ ಪದಗಳು

ಗಡಿಯಾರದ ಹೊತ್ತಿಗೆ ‘ಅಟ್’, ದಿನಕ್ಕೆ ‘ಆನ್’, ತಿಂಗಳು ವರ್ಷಗಳಿಗೆ ‘ಇನ್’ ಎಂಬುದು ಎಲ್ಲರಿಗೂ ತಿಳಿದದ್ದೇ. ‘ಟುಮಾರೋ’, ‘ನೆಕ್ಸ್ಟ್ ವೀಕ್’ ಎಂಬುವಕ್ಕೆ ಮೊದಲು ಏನೂ ಬೇಡ. ಎಡವುವುದು ಮುಖ್ಯವಾಗಿ ಎರಡು ಕಡೆ.

‘ಹತ್ತು ನಿಮಿಷ ಬಿಟ್ಟು ಬರುತ್ತಾರೆ’ ಎಂಬುದನ್ನು ನಾವು ‘ಆಫ್ಟರ್ ಟೆನ್ ಮಿನಿಟ್ಸ್’ ಎಂದುಬಿಡುತ್ತೇವೆ. ಈಗಿನಿಂದ ಲೆಕ್ಕ ಹಿಡಿದು ಹೇಳುವಾಗ ‘ದೇ ವಿಲ್ ಕಮ್ ಇನ್ ಟೆನ್ ಮಿನಿಟ್ಸ್’ ಎಂಬುದೇ ರೂಢಿಯ ಇಂಗ್ಲಿಷ್. ಹತ್ತು ನಿಮಿಷ ದಾಟದಂತೆ ಎನ್ನಬೇಕಾದರೆ ‘ವಿದಿನ್ ಟೆನ್ ಮಿನಿಟ್ಸ್’. ‘ಆರು ಗಂಟೆಯೊಳಗೆ’ ಮತ್ತು ‘ಆರು ಗಂಟೆಯವರೆಗೆ’ ಎಂಬುವು ಕನ್ನಡದಲ್ಲಿ ಒಂದಕ್ಕೊಂದು ಬೆರೆಯುವುದೇ ಇಲ್ಲ, ಆದರೂ ಇಂಗ್ಲಿಷಿಗೆ ಬಂದಾಗ ಎರಡಕ್ಕೂ ‘ಟಿಲ್’ ಬೀಳುತ್ತದೆ. ಒಳಗೆ ಎಂದರೆ ‘ಬೈ’, ವರೆಗೆ ಎಂದರೆ ‘ಟಿಲ್’ ಅಥವಾ ‘ಅಂಟಿಲ್’: ‘ದ ವೆಸಲ್ಸ್ ವಿಲ್ ಅರೈವ್ ಬೈ ಸಿಕ್ಸ್’, ‘ದ ಬಾಯ್ಸ್ ವಿಲ್ ಸ್ಟೇ ಟಿಲ್ ಸಿಕ್ಸ್.’

ವಾರದ ದಿನಕ್ಕೂ ‘ಎಸ್’ ಹತ್ತಿದರೆ ಪ್ರತಿವಾರ ಎಂಬ ಅರ್ಥ ಬರುತ್ತದೆ. ‘ದ ಹೋಟೆಲ್ ವಿಲ್ ಬಿ ಕ್ಲೋಸ್ಡ್ ಆನ್ ಮಂಡೇ’ ಎಂದರೆ ಬರುವ ಸೋಮವಾರ ಒಂದು ದಿನ ರಜೆ. ‘ಆನ್ ಮಂಡೇಸ್’ ಎಂದರೆ ಇನ್ನು ಮುಂದೆ ಪ್ರತಿ ಸೋಮವಾರವೂ ಬಾಗಿಲು ಹಾಕಿರುತ್ತದೆ. ಹೋಟೆಲಿನ ಬಾಗಿಲಿಗೆ ಕಾಗದ ಅಂಟಿಸುವವರು ಈ ಒಂದು ಅಕ್ಷರವನ್ನು ಎರಡು ಸಲ ನೋಡಬೇಕು.

ಏಳನೆಯ ಹೆಜ್ಜೆ: ‘ವೆನ್’, ‘ಇಫ್’ ಬಂದರೆ ‘ವಿಲ್’ ಬೇಡ

‘ವೆನ್ ದ ಗೆಸ್ಟ್ಸ್ ವಿಲ್ ಕಮ್, ವಿ ವಿಲ್ ಸರ್ವ್’ ಎಂಬುದು ತಪ್ಪು. ‘ವೆನ್ ದ ಗೆಸ್ಟ್ಸ್ ಕಮ್, ವಿ ವಿಲ್ ಸರ್ವ್’ ಎನ್ನಬೇಕು. ಕನ್ನಡದಲ್ಲಿಯೂ ನಾವು ‘ಅತಿಥಿಗಳು ಬಂದಾಗ ಬಡಿಸುತ್ತೇವೆ’, ‘ಬಂದರೆ ಬಡಿಸುತ್ತೇವೆ’ ಎನ್ನುತ್ತೇವೆ; ಅತಿಥಿಗಳು ಇನ್ನೂ ಬಂದಿಲ್ಲದಿದ್ದರೂ ‘ಬಂದಾಗ’, ‘ಬಂದರೆ’ ಎಂಬಲ್ಲಿ ಇರುವುದು ಭೂತಕಾಲದ ‘ಬಂದ’. ಮಾತೃಭಾಷೆಯಲ್ಲೇ ಇಲ್ಲದ ಭವಿಷ್ಯತ್ತನ್ನು ಇಂಗ್ಲಿಷಿನಲ್ಲಿ ಎಲ್ಲಿಂದಲೋ ತಂದು ಕೂರಿಸುವ ಅಗತ್ಯವಿಲ್ಲ.

ಅಭ್ಯಾಸಕ್ಕೆ ಮೆಗಾ ಬ್ಲಾಕ್

ಮೂರೂ ಒಟ್ಟಿಗೆ ಸಿಗುವ ಅಭ್ಯಾಸಪುಸ್ತಕವನ್ನು ಮುಂಬಯಿಯ ರೈಲುಗಳು ಭಾನುವಾರಗಳಿಗಾಗಿ ಪುಕ್ಕಟೆಯಾಗಿ ಒದಗಿಸುತ್ತವೆ. ಹಳಿಗಳ ದುರಸ್ತಿಗಾಗಿ ಕೆಲವು ಗಂಟೆ ಆ ಹಳಿಗಳಲ್ಲಿ ರೈಲು ಬಿಡದಿರುವ ಮೆಗಾ ಬ್ಲಾಕಿನ ಪ್ರಕಟಣೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುತ್ತದೆ. ಅದರಲ್ಲಿ ಭವಿಷ್ಯತ್ಕಾಲ, ಬಹುವಚನ, ಪ್ರೆಪೊಸಿಷನ್ನುಗಳ ಹೊರತು ಬೇರೆ ಸರಕು ಕಡಿಮೆ. ಅದೇ ಧಾಟಿಯಲ್ಲಿ ನಾನು ಕಟ್ಟಿ ಹಲಗೆಯ ಮೇಲೆ ಬರೆಯುವ ವಾಕ್ಯ ಇದು: ‘ಆನ್ ಸಂಡೇ, ಫಾಸ್ಟ್ ಟ್ರೇನ್ಸ್ ವಿಲ್ ರನ್ ಆನ್ ದ ಸ್ಲೋ ಲೈನ್ ಬಿಟ್ವೀನ್ ಮಾಟುಂಗಾ ಆ್ಯಂಡ್ ಮುಲುಂಡ್ ಆ್ಯಂಡ್ ವಿಲ್ ರೀಚ್ ದೇರ್ ಡೆಸ್ಟಿನೇಶನ್ಸ್ ಫಿಫ್ಟೀನ್ ಮಿನಿಟ್ಸ್ ಲೇಟ್.’

ಇದನ್ನು ಮೂರು ಸುತ್ತು ಓದಿಸುತ್ತೇನೆ. ಮೊದಲ ಸುತ್ತಿನಲ್ಲಿ ‘ಎಸ್’ ಇರುವ ನಾಮಪದಗಳಿಗೆ ಮಾತ್ರ ಗೆರೆ: ಟ್ರೇನ್ಸ್, ಡೆಸ್ಟಿನೇಶನ್ಸ್, ಮಿನಿಟ್ಸ್. ‘ಲೈನ್’ ಏಕೆ ಒಂಟಿಯಾಗಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ದಿಕ್ಕಿಗೆ ಹೋಗುವ ಸ್ಲೋ ಹಳಿ ಒಂದೇ ಆದ್ದರಿಂದ ರೈಲು ಎಷ್ಟಿದ್ದರೂ ‘ಲೈನ್’ ಒಂದೇ. ಎರಡನೆಯ ಸುತ್ತಿನಲ್ಲಿ ‘ವಿಲ್ ರನ್’, ‘ವಿಲ್ ರೀಚ್’ ಎಂಬುವನ್ನು ‘ಓಡುವವು’, ‘ತಲುಪುವವು’ ಎಂದು ಕನ್ನಡಿಸಿ, ಕನ್ನಡದ ‘ವವು’ ಇಂಗ್ಲಿಷಿನಲ್ಲಿ ಎಲ್ಲಿ ಹೋಯಿತು ಎಂದು ಹುಡುಕಿಸುತ್ತೇನೆ; ಅದು ಟ್ರೇನ್ಸ್‌ನ ‘ಎಸ್’ ಒಳಗೆ ಸೇರಿಕೊಂಡಿದೆ ಎಂದು ಅವರೇ ಹೇಳಬೇಕು. ಮೂರನೆಯ ಸುತ್ತಿನಲ್ಲಿ ಪ್ರೆಪೊಸಿಷನ್ನುಗಳು. ‘ರೀಚ್’ ಆದ ಮೇಲೆ ‘ಟು’ ಇಲ್ಲದಿರುವುದನ್ನು ಆಗ ತೋರಿಸುತ್ತೇನೆ. ‘ದಾದರಿಗೆ ತಲುಪುತ್ತೇವೆ’ ಎಂಬ ‘ಗೆ’ಯನ್ನು ಇಂಗ್ಲಿಷಿಗೆ ಹೊತ್ತೊಯ್ಯಬಾರದು. ಆಮೇಲೆ ಪ್ರತಿಯೊಬ್ಬರೂ ಊರ ಹೆಸರುಗಳನ್ನು ಬದಲಾಯಿಸಿ, ಕುರ್ಲಾ ಮತ್ತು ವಾಶಿ ನಡುವೆ ಎಂದೋ ಬೊರಿವಲಿ ಮತ್ತು ಅಂಧೇರಿ ನಡುವೆ ಎಂದೋ ತಮ್ಮದೇ ವಾಕ್ಯ ಕಟ್ಟುತ್ತಾರೆ.

ನಮ್ಮ ಕೇಟರಿಂಗ್ ಯುವಕ ತನ್ನ ಹಳೆಯ ಸಂದೇಶವನ್ನು ಈ ಹೆಜ್ಜೆಗಳ ಪ್ರಕಾರ ತಿದ್ದಿದಾಗ ಅದು ಹೀಗಾಯಿತು: ‘ಸಿಕ್ಸ್ ಬಾಯ್ಸ್ ವಿಲ್ ಕಮ್ ಟುಮಾರೋ ಅಟ್ ಫೈವ್-ಥರ್ಟಿ ವಿತ್ ಇಲೆವೆನ್ ವೆಸಲ್ಸ್. ದೇ ವಿಲ್ ಸ್ಟೇ ಟಿಲ್ ಫೋರ್. ಪ್ಲೀಸ್ ಇನ್‌ಫಾರ್ಮ್ ದ ವಾಚ್‌ಮನ್.’ ಮೊದಲ ತಿದ್ದುಪಡಿಯಲ್ಲಿ ಅವನು ‘ಇನ್‌ಫಾರ್ಮ್ ಟು ದ ವಾಚ್‌ಮನ್’ ಎಂದು ಬರೆದಿದ್ದ. ‘ವಾಚ್‌ಮನ್‌ಗೆ ತಿಳಿಸಿ’ ಎಂಬುದರ ‘ಗೆ’ ಮತ್ತೆ ಇಣುಕಿತ್ತು, ಅದನ್ನು ಹೊಡೆದುಹಾಕಿದೆವು. ಸೊಸೈಟಿಗೆ ಎರಡು ಗೇಟುಗಳಿದ್ದು ಎರಡರಲ್ಲಿಯೂ ಹೇಳಿಡಬೇಕಾದರೆ ಏನು ಬರೆಯಬೇಕೆಂದು ಅವನೇ ಕೇಳಿದ. ‘ವಾಚ್‌ಮೆನ್’ ಎಂದು ಬರೆಯಬೇಕು. ಬಾಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕೇಳಿಸುವುದರಿಂದ, ಫೋನಿನಲ್ಲಿ ಹೇಳುವಾಗ ‘ಬೋತ್ ದ ವಾಚ್‌ಮೆನ್’ ಎಂದು ಬಿಡಿಸಿ ಹೇಳುವುದು ಒಳ್ಳೆಯದು.